ಬೇಲಿಯಾಚೆಯ ಎಮ್ಮೆ, ಈಚೆಯ ಕುದುರೆ

ಹೆಸರಘಟ್ಟದ ಕಡೆ ನನ್ನದೊಂದು ಸಣ್ಣ ಲಾಯ ಇದೆ. ಆರು ಕುದುರೆ, ಅವನ್ನು ನೋಡಿಕೊಳ್ಳೋ ಇಬ್ಬರು ಸೈಸ್‌ಗಳು. ಶನಿವಾರ, ಭಾನುವಾರ ಬೆಂಗಳೂರೊಳಗಿಂದ ಮಕ್ಕಳು ಸವಾರಿ ಕಲಿಯೋಕೆ ಬರುತ್ತಾರೆ. ಹೊರಗಿನ ಕುದುರೆಯಿಂದ ರೋಗ ಬರುತ್ತೆ ಅನ್ನೋ ಭಯ ನನಗೆ ಮೊದಲಿಂದಲೂ ಇತ್ತು. ಹೊಸ ಕುದುರೆ ಬಂದರೆ ಮೂರು ವಾರ ಬೇರೆ ಕಡೆ ಕಟ್ಟಿ, ಬೇರೆ ಬಕೆಟ್ಟಲ್ಲಿ ನೀರು. ಗ್ಲ್ಯಾಂಡರ್ಸ್ ಪರೀಕ್ಷೆಯ ಕಾಗದ ಇಲ್ಲದೆ ಗೇಟು ತೆಗೆಯಲ್ಲ. ಆ ರೋಗಕ್ಕೆ ಲಸಿಕೆ ಇಲ್ಲ, ಮನುಷ್ಯರಿಗೂ ಅಂಟುತ್ತೆ, ಖಚಿತವಾದರೆ ಕುದುರೆಗೆ ದಯಾಮರಣವೇ ಗತಿ. ಮದುವೆ ಮೆರವಣಿಗೆಯ ಕುದುರೆಯವರು ನೀರು ಕೇಳಿದರೆ ಅವರದೇ ಬಕೆಟ್ಟಿಗೆ ಪೈಪಿನಿಂದ ಬಿಡುತ್ತೇವೆ, ನಮ್ಮ ತೊಟ್ಟಿಗೆ ಮೂತಿ ಇಡಗೊಡಲ್ಲ.

ಗೇಟು ಇಷ್ಟು ಭದ್ರ ಮಾಡಿದೆ. ರೋಗ ಬಂದಿದ್ದು ಬೇಲಿ ಮೇಲಿಂದ.

ಮಳೆಗಾಲ ಮುಗಿಯುತ್ತಿದ್ದ ಹೊತ್ತು. ಕಸ್ತೂರಿ ಅನ್ನೋ ನಮ್ಮ ಹೆಣ್ಣುಕುದುರೆ ಒಂದು ಬೆಳಿಗ್ಗೆ ಹುರುಳಿ ಮೂಸಿಯೂ ನೋಡಲಿಲ್ಲ. ಜ್ವರ 104 ಡಿಗ್ರಿ. ಎರಡು ದಿನಕ್ಕೆ ಇಳಿಯಿತು, ತಿಂದಳು. ಐದಾರು ದಿನ ಬಿಟ್ಟು ಮತ್ತೆ ಜ್ವರ. ಮೂರು ವಾರದಲ್ಲಿ ಪಕ್ಕೆಲುಬು ಎಣಿಸಬಹುದಿತ್ತು. ಹೊಟ್ಟೆಯಡಿ ಬಾವು, ಹೆಬ್ಬೆರಳಲ್ಲಿ ಒತ್ತಿದರೆ ಬಿದ್ದ ಗುಳಿ ಹಾಗೇ ನಿಲ್ಲುತ್ತಿತ್ತು. ಮೊದಲು ನೋಡಿದವರು ಜಂತುಹುಳು ಅಂದರು, ಔಷಧಿ ಕುಡಿಸಿದೆವು. ರಕ್ತ ಕೊಟ್ಟು ನೋಡಿದರೆ ಅದರಲ್ಲೂ ಏನಿಲ್ಲ. ತಪ್ಪು ನನ್ನದೇ, ಜ್ವರ ಬಿಟ್ಟ ದಿನ ರಕ್ತ ತೆಗೆಸಿದ್ದೆ.

ಎರಡನೇ ಡಾಕ್ಟ್ರು, "ಜ್ವರ ಏರಿದ ತಕ್ಷಣ ಫೋನ್ ಮಾಡಿ, ಎಷ್ಟೊತ್ತಾದ್ರೂ ಸರಿ" ಅಂದರು. ರಾತ್ರಿ ಹತ್ತಕ್ಕೆ ಬಂದರು. ಗಾಜಿನ ಮೇಲೆ ಒಂದು ಹನಿ ರಕ್ತ ಇಟ್ಟು, ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಕೆಂಪು ಕಣಗಳ ನಡುವೆ ಹಾವಿನ ಮರಿಯಂಥದ್ದೇನೋ ನುಲಿದಾಡುತ್ತಾ ಕಣಗಳನ್ನು ಅತ್ತಿತ್ತ ತಳ್ಳುತ್ತಿತ್ತು. ಟ್ರಿಪನೊಸೋಮಾ ಇವಾನ್ಸಿ ಅನ್ನೋ, ರಕ್ತದಲ್ಲಿ ಬದುಕುವ ಒಂದೇ ಜೀವಕೋಶದ ಪರೋಪಜೀವಿ. ರೋಗದ ಹೆಸರು ಸರ್ರಾ. 1880ರಲ್ಲಿ ಪಂಜಾಬಿನ ಕುದುರೆ, ಒಂಟೆಗಳ ರಕ್ತದಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ ಇದೇ ನುಲಿದಾಟ ಕಂಡಿದ್ದನಂತೆ. ಡಾಕ್ಟ್ರು ಕ್ವಿನಾಪಿರಮಿನ್ ಅನ್ನೋ ಔಷಧಿ ಚುಚ್ಚಿದರು. ಚುಚ್ಚಿದ ಜಾಗ ಊದಿ ಎಷ್ಟೋ ದಿನ ಮುಟ್ಟಗೊಡಲಿಲ್ಲ, ಆದರೆ ಕಸ್ತೂರಿ ಉಳಿದಳು.

ಎಲ್ಲಿಂದ ಬಂತು ಅಂತ ಕೇಳಿದೆ. ಡಾಕ್ಟ್ರು ಬೇಲಿ ಕಡೆ ಕೈ ತೋರಿಸಿದರು. ಪಕ್ಕದ ಗೌಡರ ನಾಲ್ಕು ಎಮ್ಮೆ ಅಲ್ಲೇ ಹೊಂಗೆ ಮರದಡಿ, ನಮ್ಮ ಕುದುರೆಗಳಿಂದ ಹದಿನೈದು ಅಡಿ ದೂರದಲ್ಲಿ ಇರುತ್ತಿದ್ದವು. ದನ, ಎಮ್ಮೆಗಳ ಮೈಯಲ್ಲಿ ಈ ಜೀವಿ ತಿಂಗಳುಗಟ್ಟಲೆ ಸದ್ದಿಲ್ಲದೆ ಇರುತ್ತೆ. ಕೆರೆಯಂಚಿನ ಕೆಸರಲ್ಲಿ ಹುಟ್ಟುವ ದೊಡ್ಡ ನೊಣ ಎಮ್ಮೆಯನ್ನು ಕಚ್ಚುತ್ತೆ. ಕಚ್ಚಿದರೆ ಚುರುಕ್ ಅನ್ನುತ್ತೆ, ಎಮ್ಮೆ ಬಾಲ ಬೀಸುತ್ತೆ, ಅರ್ಧ ಊಟದಲ್ಲೇ ಎದ್ದ ನೊಣ ಹತ್ತಿರದಲ್ಲಿ ಯಾರಿದ್ದಾರೋ ಅವರ ಮೇಲೆ ಕೂರುತ್ತೆ. ಅದರ ಬಾಯಿಗೆ ಅಂಟಿದ ರಕ್ತದಲ್ಲಿ ಆ ಜೀವಿ ಬದುಕೋದು ಕೆಲವೇ ನಿಮಿಷ. ನನಗೆ ಹೊಳೆದದ್ದು ಆಗ: ನೊಣ ಕೊಲ್ಲೋಕೆ ಆಗಲ್ಲ, ಅಂತರ ಹೆಚ್ಚಿಸಬಹುದು.

ಗೌಡರು ಒಪ್ಪಬೇಕಲ್ಲ. "ಅಲ್ಲಣ್ಣೋ, ಎಂಟು ಲೀಟ್ರು ಕರಿಯೋ ಎಮ್ಮೆಗೆ ಕಾಯ್ಲೆ ಎಲ್ಲೈತೆ?" ಅಂದರು. ನನ್ನ ಖರ್ಚಲ್ಲೇ ಅವುಗಳ ರಕ್ತ ನೋಡಿಸಿದೆ, ಏನೂ ಕಾಣಲಿಲ್ಲ. ಎಮ್ಮೆ ರಕ್ತದಲ್ಲಿ ತೀರಾ ಕಮ್ಮಿ ಇರುತ್ತೆ, ಕಾಣಲಿಲ್ಲ ಅಂದರೆ ಇಲ್ಲ ಅಂತ ಅಲ್ಲ ಅಂತ ಡಾಕ್ಟ್ರು ಹೇಳಿದರೂ ಗೌಡರು ಮುಸಿಮುಸಿ ನಕ್ಕರು. ವಾದ ಬಿಟ್ಟೆ. ಅವರ ಜಮೀನಿನ ಆ ತುದಿಯಲ್ಲಿ ಒಂದು ತೊಟ್ಟಿ ಕಟ್ಟಿಸಿ, ನಮ್ಮ ಬೋರ್‌ವೆಲ್ಲಿಂದ ಪೈಪು ಎಳೆಸಿಕೊಟ್ಟೆ. ಗೌಡರ ಮನೆಯಾಕೆ ಬಿಂದಿಗೆ ಹೊರೋದು ತಪ್ಪಿತು ಅಂತ ಮಾರನೇ ದಿನವೇ ಗೂಟ ಕಿತ್ತು ಅಲ್ಲಿಗೆ ಹೊಡೆಸಿದರು. ಈಗ ನಡುವೆ ಇನ್ನೂರು ಗಜದ ಮೇಲಿದೆ.

ನಮ್ಮ ಕಡೆಯೂ ಬದಲಾಯಿತು. ಈ ನೊಣ ಹಗಲು ಹೊತ್ತಿನದು, ನೆರಳಿನ ಒಳಗೆ ಅಷ್ಟಾಗಿ ನುಗ್ಗಲ್ಲ. ಬಿಸಿಲೇರುವ ಮುಂಚೆ ಮೇಯಿಸಿ, ಹಗಲೆಲ್ಲ ಲಾಯದೊಳಗೆ ಕಟ್ಟಿ, ಸಂಜೆ ಮತ್ತೆ ಬಿಡುತ್ತೇವೆ. ಬೇವಿನ ಸೊಪ್ಪಿನ ಹೊಗೆ ಹಾಕುತ್ತೇವೆ. ಅದರಿಂದ ನೊಣಕ್ಕಿಂತ ಸೈಸ್‌ಗಳಿಗೇ ಕೆಮ್ಮು ಜಾಸ್ತಿ, ಆದರೂ ಬಿಟ್ಟಿಲ್ಲ. ಒಂದು ಸೂಜಿ ಎರಡು ಕುದುರೆಗೆ ಮುಟ್ಟಿಸೋದು ಪೂರ್ತಿ ನಿಂತಿದೆ, ಸೂಜಿಯಲ್ಲೂ ಇದು ದಾಟುತ್ತೆ. ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು ಥರ್ಮಾಮೀಟರ್. ಬೆಳಿಗ್ಗೆ, ಸಂಜೆ ಆರೂ ಕುದುರೆಗೆ ಹಾಕಿ, ಮೊಳೆಗೆ ನೇತುಹಾಕಿದ ನೋಟುಪುಸ್ತಕದಲ್ಲಿ ಬರೆಯೋದು. 99ರಿಂದ 101ರ ಒಳಗಿದ್ದರೆ ಸರಿ, 102 ದಾಟಿದರೆ ನನಗೆ ಫೋನು.

ಕಸ್ತೂರಿ ಮೈ ತುಂಬಿಕೊಳ್ಳೋಕೆ ನಾಲ್ಕು ತಿಂಗಳು ಹಿಡಿಯಿತು. ಗೌಡರು ಇವತ್ತಿಗೂ ನಂಬಿಲ್ಲ, ನೀರು ಮಾತ್ರ ಬಳಸುತ್ತಾರೆ. ಪೂರ್ವದ ಕಡೆಯ ಖಾಲಿ ಜಾಗಕ್ಕೆ ಮೊನ್ನೆ ಯಾರೋ ಇಪ್ಪತ್ತು ಹಸು ತಂದು ಇಳಿಸಿದ್ದಾರೆ. ನಾಳೆ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಹೋಗಿ ಮಾತಾಡಬೇಕು.