ಒಂದೇ ಸುರಂಗ, ನಾಲ್ಕು ಗಾಬ್ಲಿನ್: ನಿಮ್ಮ ಗುಂಪಿಗೆ ಡಿ ಅಂಡ್ ಡಿಯ ಯಾವ ಆವೃತ್ತಿ?

ತುಮಕೂರಿನ ಒಂದು ಮನೆಯಲ್ಲಿ ಚೌಕಾಬಾರ ಆಡುವ ಹಾಗೆ ಕೋಲಾರದ ಇನ್ನೊಂದು ಮನೆಯಲ್ಲಿ ಆಡುವುದಿಲ್ಲ. ಕಾಯಿ ಹೊಡೆದರೆ ಮತ್ತೊಂದು ಆಟ ಉಂಟೋ ಇಲ್ಲವೋ ಎಂದು ಕವಡೆ ಕೈಗೆತ್ತಿಕೊಳ್ಳುವ ಮುಂಚೆಯೇ ಮಾತಾಗಿರಬೇಕು. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆಯೊಳಗೆ ಸಾಹಸ ಮಾಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ) ಆಡಲು ಕೂರುವವರಿಗೂ ಈ ಮಾತು ಬೇಕು. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟಕ್ಕೂ 2024ರ ಪರಿಷ್ಕೃತ ಪುಸ್ತಕಕ್ಕೂ ಹೆಸರು ಒಂದೇ, ಆಟ ಬೇರೆ.

ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಈ ವ್ಯತ್ಯಾಸ ಕೈಗೆ ಸಿಗುವುದಿಲ್ಲ. ಒಂದೇ ಸನ್ನಿವೇಶವನ್ನು ನಾಲ್ಕು ಆವೃತ್ತಿಗಳಲ್ಲಿ ಆಡಿ ನೋಡುವುದೇ ಸರಿಯಾದ ದಾರಿ. ನಾಲ್ವರು ಆಟಗಾರರು, ಒಬ್ಬ ಡಿಎಂ (ಡಂಜನ್ ಮಾಸ್ಟರ್, ಅಂದರೆ ಆಟ ನಡೆಸುವವರು), ಎರಡು ಭಾನುವಾರದ ಮಧ್ಯಾಹ್ನ ಸಾಕು.

ಆರಿಸಿಕೊಳ್ಳಬೇಕಾದ ನಾಲ್ಕು ಇವು: 1981ರ ಬೇಸಿಕ್, 2003ರ ಮೂರೂವರೆ (3.5), 2008ರ ನಾಲ್ಕನೇದು, 2014ರ ಐದನೇದು. ಬೇಸಿಕ್‌ನ ನಿಯಮಗಳನ್ನೇ ಓಲ್ಡ್ ಸ್ಕೂಲ್ ಎಸೆನ್ಷಿಯಲ್ಸ್ ಅಚ್ಚುಕಟ್ಟಾಗಿ ಮತ್ತೆ ಬರೆದಿದೆ, ಅದರ ಮೂಲ ನಿಯಮಗಳ ಪಿಡಿಎಫ್ ಉಚಿತ. ಮೂರೂವರೆ ಮತ್ತು ಐದನೇದರ ಎಸ್‌ಆರ್‌ಡಿ (ಪ್ರಕಾಶಕರೇ ಹೊರಬಿಟ್ಟ ಮೂಲ ನಿಯಮಗಳ ಕಡತ) ಕೂಡ ಉಚಿತ. ಐದನೇದರದು 2023ರಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ನಾಲ್ಕನೇದಕ್ಕೆ ಮಾತ್ರ ಪುಸ್ತಕ ಕೊಳ್ಳಬೇಕು.

ಸನ್ನಿವೇಶಕ್ಕೆ ಒಂದು ಚಿನ್ನದ ಗಣಿ ಇರಲಿ. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು, 2001ರಲ್ಲಿ ಅಲ್ಲಿ ಕೆಲಸ ನಿಂತಿತು. ಮುಚ್ಚಿದ ಗಣಿ ಹೇಗಿರುತ್ತದೆ ಎಂದು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಿಮ್ಮ ಕಲ್ಪಿತ ಗಣಿಯಲ್ಲಿ ಐದೇ ಜಾಗ ಸಾಕು: ಇಳಿಯುವ ಬಾವಿ, ಕವಲೊಡೆದ ಸುರಂಗ, ನೀರು ನಿಂತ ಗುಂಡಿ, ನಾಲ್ಕು ಗಾಬ್ಲಿನ್‌ಗಳಿರುವ ಕೋಣೆ, ಅದರ ಹಿಂದೆ 2,000 ಚಿನ್ನದ ನಾಣ್ಯಗಳ ಪೆಟ್ಟಿಗೆ. ಗಾಬ್ಲಿನ್ ಎಂದರೆ ಕಥೆಗಳ ಕುಳ್ಳ ದುಷ್ಟ ಜೀವಿ. ನಕ್ಷೆ ನಾಲ್ಕೂ ಆಟಕ್ಕೆ ಒಂದೇ ಇರಬೇಕು. ಒಂದಕ್ಕೆ ಬಾಗಿಲು ಹೆಚ್ಚಿಸಿ, ಇನ್ನೊಂದಕ್ಕೆ ಗಾಬ್ಲಿನ್ ಕಡಿಮೆ ಮಾಡಿದರೆ ಹೋಲಿಕೆ ಕೆಟ್ಟುಹೋಗುತ್ತದೆ.

ದಾಳ ಇಲ್ಲದಿದ್ದರೆ

ಇಪ್ಪತ್ತು ಮುಖದ ದಾಳ ಊರಿನ ಅಂಗಡಿಯಲ್ಲಿ ಸಿಗದಿದ್ದರೆ ಆಟ ನಿಲ್ಲಿಸಬೇಡಿ. ಒಂದೇ ಗಾತ್ರದ ಹತ್ತು ಹುಣಸೆ ಬೀಜಗಳಿಗೆ 1ರಿಂದ 10ರವರೆಗೆ ಅಂಕಿ ಬರೆದು ಲೋಟಕ್ಕೆ ಹಾಕಿ. ಒಂದು ಬೀಜ ತೆಗೆಯಿರಿ, ಜೊತೆಗೆ ಒಂದು ನಾಣ್ಯ ಚಿಮ್ಮಿ. ಹೆಡ್ಸ್ ಬಿದ್ದರೆ ಬೀಜದ ಅಂಕಿಗೆ 10 ಸೇರಿಸಿ. ಎಂಟು ಮುಖಕ್ಕೆ ಒಂದು, ಎರಡು, ಐದು ರೂಪಾಯಿಯ ಮೂರು ನಾಣ್ಯ ಸಾಕು: ಹೆಡ್ಸ್ ಬಿದ್ದಾಗ ಅವಕ್ಕೆ ಕ್ರಮವಾಗಿ 1, 2, 4 ಎಂದು ಎಣಿಸಿ, ಮೊತ್ತಕ್ಕೆ 1 ಕೂಡಿಸಿ. ಹನ್ನೆರಡು ಮುಖಕ್ಕೆ ಲೂಡೋ ದಾಳ ಮತ್ತು ಒಂದು ನಾಣ್ಯ, ಹೆಡ್ಸ್ ಆದರೆ 6 ಸೇರಿಸಿ. ಎರಡು ಲೂಡೋ ದಾಳ ಕೂಡಿಸುವುದು ತಪ್ಪು. ಹಾಗೆ ಮಾಡಿದರೆ 1 ಬೀಳುವುದೇ ಇಲ್ಲ, 7 ಮಾತ್ರ ಮತ್ತೆ ಮತ್ತೆ ಬೀಳುತ್ತದೆ. ಇನ್ನೊಂದು ತಪ್ಪು, ತೆಗೆದ ಬೀಜವನ್ನು ಲೋಟಕ್ಕೆ ಮರಳಿ ಹಾಕದಿರುವುದು. ಮುಂದಿನವರ ಸಾಧ್ಯತೆಗಳೆಲ್ಲ ಬದಲಾಗುತ್ತವೆ.

ಅದೇ ಗಾಬ್ಲಿನ್, ಬೇರೆ ಲೆಕ್ಕ

ಈಗ ಗಾಬ್ಲಿನ್‌ಗಳ ಕೋಣೆಗೆ ಬನ್ನಿ. ಬೇಸಿಕ್‌ನಲ್ಲಿ ಒಂದು ಗಾಬ್ಲಿನ್‌ಗೆ ಸರಾಸರಿ 3 ಹಿಟ್ ಪಾಯಿಂಟ್, ಅಂದರೆ ತಡೆಯಬಲ್ಲ ಏಟಿನ ಅಳತೆ. ಮೂರೂವರೆಯಲ್ಲಿ 5, ಐದನೇದರಲ್ಲಿ 7. ನಾಲ್ಕನೇದರ ಗಾಬ್ಲಿನ್ ಯೋಧನಿಗೆ 29. ಕತ್ತಿಯ ಏಟು ಎಲ್ಲ ಕಡೆಯೂ ಎಂಟು ಮುಖದ ದಾಳವೇ (ಬೇಸಿಕ್‌ನಲ್ಲಿ ಇದು ಐಚ್ಛಿಕ ನಿಯಮ). ಹಾಗಾಗಿ ಬೇಸಿಕ್‌ನಲ್ಲಿ ಒಂದೇಟಿಗೆ ಸಾಯುವ ಗಾಬ್ಲಿನ್‌ಗೆ ನಾಲ್ಕನೇದರಲ್ಲಿ ಮೂರು ನಾಲ್ಕು ಏಟು ಬೇಕು. ನಾಲ್ಕನೇದು ಈ ಉದ್ದವನ್ನು ಬೇಕೆಂದೇ ಇಟ್ಟಿದೆ: ತಳ್ಳು, ಸುತ್ತುವರಿ, ಜಾಗ ಬದಲಿಸು ಎಂಬ ಚಾತುರ್ಯಕ್ಕೆ ಕಾಳಗ ಅಷ್ಟು ಸುತ್ತು ನಡೆಯಲೇಬೇಕು. ಆದ್ದರಿಂದ ಅದನ್ನು ಬಾಯಿಮಾತಿನಲ್ಲಿ ಆಡಬೇಡಿ. ಚಾರ್ಟ್ ಪೇಪರಿನ ಮೇಲೆ ಒಂದು ಇಂಚಿನ ಚೌಕಗಳನ್ನು ಅಡ್ಡ 20, ಉದ್ದ 20 ಗೆರೆ ಹಾಕಿ. ಒಂದು ಚೌಕ ಐದು ಅಡಿ. ಕಾಯಿಗಳಿಗೆ ಬಳೆ ಚೂರು, ಗುಂಡಿ, ಏನಾದರೂ ಆದೀತು. ಉಳಿದ ಮೂರಕ್ಕೆ ಮುಕ್ಕಾಲು ಗಂಟೆ ಇಟ್ಟರೆ ಇದಕ್ಕೆ ಒಂದೂವರೆ ಗಂಟೆ ಇಡಿ.

ನಿದ್ರೆಯ ಮಂತ್ರವನ್ನೂ ನಾಲ್ಕರಲ್ಲಿ ಹಾಕಿ ನೋಡಿ, ಆಟಗಳ ಸ್ವಭಾವ ಇದಕ್ಕಿಂತ ಬೇಗ ತಿಳಿಯುವ ಬಗೆ ಇಲ್ಲ. ಬೇಸಿಕ್‌ನಲ್ಲಿ ಎರಡು ಎಂಟು ಮುಖದ ದಾಳದಷ್ಟು ಹಿಟ್ ಡೈಸ್ (ಪ್ರಾಣಿಯ ಬಲದ ಅಳತೆ, ಒಂದು ಗಾಬ್ಲಿನ್ ಎಂದರೆ ಸುಮಾರು ಒಂದು) ಮಲಗುತ್ತವೆ, ಸೇವಿಂಗ್ ಥ್ರೋ (ತಪ್ಪಿಸಿಕೊಳ್ಳಲು ಹಾಕುವ ದಾಳ) ಇಲ್ಲ. ಸರಾಸರಿ 9, ಅಂದರೆ ನಾಲ್ಕು ಗಾಬ್ಲಿನ್‌ಗಳೂ ಸಾಮಾನ್ಯವಾಗಿ ಒಟ್ಟಿಗೇ ನೆಲಕ್ಕೆ. ಆದರೆ ಮೊದಲ ಲೆವೆಲ್ ಮಾಂತ್ರಿಕನಿಗೆ ದಿನಕ್ಕೆ ಅದೊಂದೇ ಮಂತ್ರ, ಪ್ರಾಣ 1ರಿಂದ 4 ಹಿಟ್ ಪಾಯಿಂಟ್, ಸೊನ್ನೆಗೆ ಬಂದರೆ ಸಾವು. ಮೂರೂವರೆಯಲ್ಲಿ ನಾಲ್ಕು ಹಿಟ್ ಡೈಸ್‌ನಷ್ಟು ಮಾತ್ರ, ಅದಕ್ಕೂ ವಿಲ್ ಸೇವ್ (ಮನೋಬಲದ ಸೇವಿಂಗ್ ಥ್ರೋ) ಇದೆ. ನಾಲ್ಕನೇದರಲ್ಲಿ ಶತ್ರು ಮೊದಲು ನಿಧಾನವಾಗುತ್ತಾನೆ, ಅದರಿಂದ ಬಿಡಿಸಿಕೊಳ್ಳಲಾಗದಿದ್ದರೆ ಆಮೇಲೆ ನಿದ್ದೆ. 2014ರ ಐದನೇದರಲ್ಲಿ ಐದು ಎಂಟು ಮುಖದ ದಾಳ, ಸರಾಸರಿ 22.5 ಹಿಟ್ ಪಾಯಿಂಟ್: ಏಳೇಳರಂತೆ ಮೂರು ಗಾಬ್ಲಿನ್ ಮಲಗುತ್ತವೆ, ನಾಲ್ಕನೆಯದು ಎದ್ದಿರುತ್ತದೆ. ಐದನೇದರ 2024ರ ಪರಿಷ್ಕರಣೆಯಲ್ಲಿ ಇದಕ್ಕೂ ಸೇವಿಂಗ್ ಥ್ರೋ ಬಂತು.

ಬೇಸಿಕ್ ಆಡಿದವರು “ಸುಮ್ಮನೆ ಸಾಯಿಸುವ ಆಟ” ಎಂದು ದೂರಿದರೆ, ಡಿಎಂ ಎರಡು ನಿಯಮ ಬಿಟ್ಟಿದ್ದಾರೆಯೇ ಎಂದು ಮೊದಲು ನೋಡಿ. ಎದುರಾದ ಪ್ರಾಣಿಯ ಮನಸ್ಸು ಹೇಗಿದೆ ಎಂದು ಎರಡು ಲೂಡೋ ದಾಳ ಹಾಕಿ ತಿಳಿಯಬೇಕು. 2 ಬಿದ್ದರಷ್ಟೇ ತಕ್ಷಣದ ದಾಳಿ, ಅದು 36ರಲ್ಲಿ ಒಂದು ಸಲ. 6ರಿಂದ 8 ಬಿದ್ದರೆ ಗಾಬ್ಲಿನ್‌ಗಳು ಏನು ಮಾಡುವುದೆಂದು ತೋಚದೆ ನಿಂತಿವೆ ಎಂದರ್ಥ, ಮಾತಾಡಲು ಅವಕಾಶವಿದೆ. ಎರಡನೆಯದು ಧೈರ್ಯದ ಪರೀಕ್ಷೆ. ಗಾಬ್ಲಿನ್‌ನ ಧೈರ್ಯ 7. ಮೊದಲನೆಯದು ಸತ್ತಾಗ ಒಮ್ಮೆ, ಗುಂಪಿನಲ್ಲಿ ಅರ್ಧದಷ್ಟು ಸತ್ತಾಗ ಇನ್ನೊಮ್ಮೆ ಎರಡು ದಾಳ ಹಾಕಿ, 7 ದಾಟಿದರೆ ಓಡುತ್ತವೆ. ಪ್ರತಿ ಪರೀಕ್ಷೆಯಲ್ಲೂ ಓಡುವ ಸಾಧ್ಯತೆ ಶೇ. 42ರಷ್ಟು. ಈ ಎರಡನ್ನೂ ಬಿಟ್ಟು ಪ್ರತಿ ಕೋಣೆಯಲ್ಲೂ ಕೊನೆಯ ಗಾಬ್ಲಿನ್‌ವರೆಗೆ ಕಾದಾಡಿಸಿದರೆ 3 ಹಿಟ್ ಪಾಯಿಂಟ್‌ನ ಮನುಷ್ಯರು ಬದುಕಲಾರರು.

ಕತ್ತಲೆ ಮತ್ತು ಚಿನ್ನ

ಗಣಿಯ ಆಟದಲ್ಲಿ ಕತ್ತಲೆಯೇ ಅರ್ಧ ಶತ್ರು. ಬೇಸಿಕ್‌ನಲ್ಲಿ ಪಂಜು ಆರು ಸರದಿ, ಅಂದರೆ ಒಂದು ಗಂಟೆ ಉರಿಯುತ್ತದೆ. ಎರಡು ಸರದಿಗೊಮ್ಮೆ ಅಲೆದಾಡುವ ಪ್ರಾಣಿಗೆ ದಾಳ, ಆರರಲ್ಲಿ ಒಂದು ಸಾಧ್ಯತೆ. ಒಂದು ಪಂಜು ಮುಗಿಯುವುದರೊಳಗೆ ಯಾರಾದರೂ ಎದುರಾಗುವ ಸಾಧ್ಯತೆ ಅದೇ ಶೇ. 42. ಡಿಎಂ ಸರದಿಗೊಂದು ಗೆರೆ ಹಾಕುತ್ತಾ ಹೋಗದಿದ್ದರೆ ಇದೆಲ್ಲ ವ್ಯರ್ಥ. ಐದನೇದರಲ್ಲಿ ಬೆಳಕಿನ ಕ್ಯಾಂಟ್ರಿಪ್ (ಸಣ್ಣ ಮಂತ್ರ) ಎಷ್ಟು ಸಲ ಬೇಕಾದರೂ ಬರುತ್ತದೆ, ಕುಬ್ಜರಿಗೂ ಎಲ್ಫ್‌ಗಳಿಗೂ ಕತ್ತಲಲ್ಲಿ ಕಣ್ಣು ಕಾಣುತ್ತದೆ. ಆ ಆವೃತ್ತಿಯಲ್ಲಿ ಪಂಜಿನ ಲೆಕ್ಕ ಹಿಡಿದು ಹೆದರಿಸಲು ಹೋಗಬೇಡಿ, ಹೆದರಿಕೆ ಹುಟ್ಟುವುದಿಲ್ಲ.

ಪಾತ್ರದ ಲೆವೆಲ್ ಏರಿಸುವ ಅನುಭವದ ಅಂಕವನ್ನೂ ನೋಡಿ. ಬೇಸಿಕ್‌ನಲ್ಲಿ ಗಾಬ್ಲಿನ್‌ಗೆ 5 ಅಂಕ, ಹೊರಗೆ ತಂದ ಪ್ರತಿ ಚಿನ್ನದ ನಾಣ್ಯಕ್ಕೆ 1. ನಾಲ್ಕನ್ನೂ ಕೊಂದರೆ ತಲೆಗೆ 5 ಅಂಕ, ಪೆಟ್ಟಿಗೆ ಹೊತ್ತು ತಂದರೆ ತಲೆಗೆ 500. ಒಬ್ಬರು ಹೊರಬಲ್ಲದ್ದು ಹೆಚ್ಚೆಂದರೆ 1,600 ನಾಣ್ಯದ ತೂಕ, ಹೊತ್ತಷ್ಟೂ ನಡಿಗೆ ನಿಧಾನ. ಹೀಗಾಗಿ ಜಾಣ ಗುಂಪು ಗಾಬ್ಲಿನ್‌ಗಳಿಗೆ ರೊಟ್ಟಿ ಕೊಟ್ಟು ಒಲಿಸಿ, ಹಗ್ಗ ಕಟ್ಟಿ ಪೆಟ್ಟಿಗೆ ಎಳೆಯುತ್ತದೆ. ಐದನೇದರಲ್ಲಿ ಗಾಬ್ಲಿನ್‌ಗೆ 50 ಅಂಕ, ಎರಡನೇ ಲೆವೆಲ್‌ಗೆ 300 ಸಾಕು, ನಾಣ್ಯಕ್ಕೆ ಅಂಕವಿಲ್ಲ. ಅಲ್ಲಿ ಗುಂಪು ಕತ್ತಿ ಎತ್ತುತ್ತದೆ. ಯಾವುದಕ್ಕೆ ಅಂಕ ಕೊಡುತ್ತೀರೋ ಆಟಗಾರರು ಅದನ್ನೇ ಮಾಡುತ್ತಾರೆ.

ಐದನೇದರಲ್ಲಿ ಹೆಚ್ಚಾಗಿ ಆಗುವ ತಪ್ಪು ವಿಶ್ರಾಂತಿಯದ್ದು. ಒಂದು ರಾತ್ರಿ ಮಲಗಿದರೆ ಹಿಟ್ ಪಾಯಿಂಟ್ ಪೂರ್ತಿ ಮರಳುತ್ತವೆ. 2014ರ ಡಿಎಂ ಪುಸ್ತಕ ದಿನಕ್ಕೆ ಆರರಿಂದ ಎಂಟು ಎದುರಾಟಗಳ ಲೆಕ್ಕದಲ್ಲಿ ಬರೆದದ್ದು. ದಿನಕ್ಕೊಂದೇ ಕಾಳಗ ಇಟ್ಟರೆ ಮಾಂತ್ರಿಕರು ಇರುವ ಮಂತ್ರವನ್ನೆಲ್ಲ ಅಲ್ಲೇ ಸುರಿಯುತ್ತಾರೆ, ಕತ್ತಿಯವರು ನೋಡುತ್ತಾ ನಿಲ್ಲುತ್ತಾರೆ. ಮೂರೂವರೆಯ ತೊಡಕು ಮೊದಲ ಲೆವೆಲ್‌ನಲ್ಲಿ ಕಾಣಿಸುವುದೇ ಇಲ್ಲ. ಒಂಬತ್ತನೇ ಲೆವೆಲ್‌ನ ಸಿದ್ಧ ಪಾತ್ರಗಳಲ್ಲಿ ಒಂದು ಕಾಳಗ ಆಡಿ: ಒಂದೇ ಬಗೆಯ ಎರಡು ಬೋನಸ್ (ದಾಳಕ್ಕೋ ರಕ್ಷಣೆಗೋ ಸೇರುವ ಹೆಚ್ಚುವರಿ ಅಂಕಿ) ಸಾಮಾನ್ಯವಾಗಿ ಕೂಡುವುದಿಲ್ಲ, ದೊಡ್ಡದಷ್ಟೇ ಲೆಕ್ಕಕ್ಕೆ. ಪ್ರತಿ ಬೋನಸ್ ಪಕ್ಕ ಅದರ ಬಗೆ ಬರೆದಿಡುವ ತಾಳ್ಮೆ ಇರುವವರಿಗೆ ಇದು ಸೊಗಸಾದ ಆಟ, ಇಲ್ಲದವರಿಗೆ ಜಗಳ.

ಯಾರಿಗೆ ಯಾವುದು

ಆಡಿದ ಮೇಲೆ “ಯಾವುದು ಹಿಡಿಸಿತು” ಎಂದು ಕೇಳುವುದಕ್ಕಿಂತ, ಆಡುವಾಗ ಗಮನಿಸಿದ್ದು ಹೆಚ್ಚು ಹೇಳುತ್ತದೆ. ಕೋಣೆಯ ಗೋಡೆ, ನೀರು, ಹಗ್ಗದ ಬಗ್ಗೆ ಪ್ರಶ್ನೆ ಕೇಳಿದವರಿಗೆ ಬೇಸಿಕ್. ಚೌಕ ಎಣಿಸುತ್ತಾ ಮುಂದೆ ಬಾಗಿದವರಿಗೆ ನಾಲ್ಕನೇದು. ಪಾತ್ರದ ಮಾತು, ಹಳೆಯ ಹಗೆ, ಮನೆತನ ಕಟ್ಟತೊಡಗಿದವರಿಗೆ ಐದನೇದು. ಆಟ ಮುಗಿದರೂ ಪಾತ್ರದ ವಿವರವಿರುವ ಶೀಟ್ ಕೈಬಿಡದೆ ಮುಂದಿನ ಲೆವೆಲ್‌ಗೆ ಏನು ಆರಿಸಲಿ ಎಂದು ಹುಡುಕಿದವರಿಗೆ ಮೂರೂವರೆ.

ವಾರವಿಡೀ ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರ ಗುಂಪಿನಲ್ಲಿ ಪ್ರತಿ ಭಾನುವಾರ ಅದೇ ಐವರು ಸೇರುವುದು ಕಷ್ಟ. ಅಂಥವರು ಆವೃತ್ತಿ ಯಾವುದೇ ಇರಲಿ, ಆ ದಿನದ ಆಟ ಮುಗಿಯುವುದರೊಳಗೆ ಗಣಿಯಿಂದ ಮೇಲೆ ಬಂದಿರಬೇಕು ಎಂಬ ಕಟ್ಟುಪಾಡು ಇಟ್ಟುಕೊಳ್ಳಿ. ಯಾರು ಬಂದರೋ ಅವರು ಇಳಿಯುತ್ತಾರೆ. ಕಥೆ ಪ್ರಧಾನವಾದ ಆಟ ಬಯಸುವ ಡಿಎಂಗೆ ಒಂದು ಎಚ್ಚರಿಕೆ: ಮೂಡಲಪಾಯದ ಭಾಗವತರ ಕೈಯಲ್ಲಿ ಪ್ರಸಂಗದ ಮುಕ್ತಾಯ ಮೊದಲೇ ಇರುತ್ತದೆ, ನಿಮ್ಮ ಕೈಯಲ್ಲಿ ಇರಕೂಡದು. ಖಳನಿಗೆ ಏನು ಬೇಕು, ಆಟಗಾರರು ತಡೆಯದಿದ್ದರೆ ಮೂರು ದಿನದಲ್ಲಿ ಏನಾಗುತ್ತದೆ, ಇಷ್ಟು ಬರೆದಿಟ್ಟುಕೊಳ್ಳಿ.

ಹಳೆಯ ಸಾಹಸವನ್ನು ಹೊಸ ಆವೃತ್ತಿಗೆ ತರುವವರು ರಕ್ಷಣೆಯ ಅಂಕಿಯಾದ ಆರ್ಮರ್ ಕ್ಲಾಸ್‌ನಲ್ಲಿ ಎಡವುತ್ತಾರೆ. ಹಳೆಯದರಲ್ಲಿ ಅಂಕಿ ಇಳಿದಷ್ಟೂ ರಕ್ಷಣೆ ಹೆಚ್ಚು, ಹೊಸದರಲ್ಲಿ ಏರಿದಷ್ಟೂ ಹೆಚ್ಚು. ಬೇಸಿಕ್‌ನಲ್ಲಿ ಬರಿಮೈಗೆ 9, ಆದ್ದರಿಂದ 19ರಿಂದ ಕಳೆಯಿರಿ: ಗಾಬ್ಲಿನ್‌ನ 6 ಎಂದರೆ 13. ಇನ್ನೊಂದು ಹಳೆಯ ಆವೃತ್ತಿಯಾದ ಅಡ್ವಾನ್ಸ್ಡ್ ಡಿ ಅಂಡ್ ಡಿಯಲ್ಲಿ ಬರಿಮೈಗೆ 10, ಅಲ್ಲಿ 20ರಿಂದ ಕಳೆಯಬೇಕು. ಪ್ರಾಣಿಗಳ ಅಂಕಿಯನ್ನು ಹೀಗೆ ಬದಲಿಸುತ್ತಾ ಕೂರುವುದಕ್ಕಿಂತ, ಅದೇ ಹೆಸರಿನ ಪ್ರಾಣಿಯನ್ನು ನಿಮ್ಮ ಆವೃತ್ತಿಯ ಪುಸ್ತಕದಿಂದಲೇ ಎತ್ತಿಕೊಳ್ಳಿ, ನಕ್ಷೆ ಮತ್ತು ಬಲೆಗಳನ್ನಷ್ಟೇ ಹಳೆಯದರಿಂದ ಇಟ್ಟುಕೊಳ್ಳಿ. ಪ್ರತಿ ಕ್ಯಾರೆಕ್ಟರ್ ಶೀಟಿನ ಮೇಲಿನ ಮೂಲೆಯಲ್ಲಿ ಆವೃತ್ತಿಯ ವರ್ಷ ಬರೆದಿರಲಿ. 2014 ಮತ್ತು 2024ರ ಶೀಟ್‌ಗಳು ನೋಡಲು ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ಬೆರೆತುಹೋಗುವುದು ಅವೇ.