ರಸೀದಿ ಕೂಡಿಸಿ ಶುಲ್ಕ ಇಳಿಸಿದ ಬಗೆ: ನನ್ನ ಅನುಭವ

ನಮ್ಮ ವಿಶ್ವವಿದ್ಯಾಲಯವು ಸ್ನಾತಕೋತ್ತರ ಪರೀಕ್ಷಾ ಶುಲ್ಕವನ್ನು ಸುಮಾರು 1,100 ರೂಪಾಯಿಯಿಂದ 1,800ರ ಸನಿಹಕ್ಕೆ ಏರಿಸಿದಾಗ, ರಸೀದಿಗಳನ್ನೂ ಮಾಹಿತಿ ಹಕ್ಕು ಅರ್ಜಿಗಳನ್ನೂ ಹಿಡಿದು ಹೋರಾಡೋಣವೆಂದು ನಾನು ಹೇಳಿದ್ದಕ್ಕೆ ಹಾಸ್ಟೆಲಿನ ಹಿರಿಯರೊಬ್ಬರು, "ತಮ್ಮಾ, ಇದು ಗುಮಾಸ್ತನ ಕೆಲಸ, ಚಳವಳಿಯಲ್ಲ" ಎಂದು ನಕ್ಕಿದ್ದರು.

ಅವರ ದಾರಿಯನ್ನೇ ಮೊದಲು ಹಿಡಿದೆವು. ಗೇಟಿನ ಮುಂದೆ ಮೂರು ದಿನ ಧರಣಿ ಕುಳಿತೆವು. ಮೊದಲ ದಿನ ನಾನೂರು ಮಂದಿ ಇದ್ದೆವು, ಆಂತರಿಕ ಅಂಕಗಳ ಭಯ ಹಬ್ಬಿದ ಮೇಲೆ ಮೂರನೆಯ ದಿನ ಅರವತ್ತಕ್ಕಿಳಿದೆವು. ಶಾಮಿಯಾನ, ಮೈಕು, ಚಹಾ ಎಂದು ಒಂಬತ್ತು ಸಾವಿರದಷ್ಟು ಹಣ ಹೋಯಿತು, ಅದರಲ್ಲಿ ಎರಡು ಸಾವಿರ ನನ್ನ ವಿದ್ಯಾರ್ಥಿವೇತನದ್ದು. 2019ರಲ್ಲಿ ದೆಹಲಿಯ ಜೆಎನ್‌ಯುನಲ್ಲಿ ಒಬ್ಬರೇ ಇರುವ ಹಾಸ್ಟೆಲ್ ಕೋಣೆಯ ಬಾಡಿಗೆಯನ್ನು 20ರಿಂದ 600 ರೂಪಾಯಿಗೆ ಏರಿಸಿದಾಗ ನಡೆದ ಹೋರಾಟವನ್ನು ಗೆಳೆಯರು ಉದಾಹರಿಸುತ್ತಿದ್ದರು. ಆದರೆ ಅಲ್ಲಿ ಚುನಾಯಿತ ವಿದ್ಯಾರ್ಥಿ ಸಂಘವಿತ್ತು, ನಮ್ಮಲ್ಲಿ ಅಂಥ ಚುನಾವಣೆಗಳು ನಿಂತು ದಶಕಗಳೇ ಕಳೆದಿದ್ದವು.

ಮಾಹಿತಿ ಹಕ್ಕಿನ ದಾರಿಯಲ್ಲೂ ಮೊದಲ ಹೆಜ್ಜೆಗೇ ಎಡವಿದೆ. ಹನ್ನೆರಡು ಪ್ರಶ್ನೆಗಳ ಮೂರು ಪುಟದ ಅರ್ಜಿ ಬರೆದಿದ್ದೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿ, 150 ಪದಗಳೊಳಗೆ ಇರಬೇಕೆಂಬ ಕಾರಣ ನೀಡಿ ಅದನ್ನು ಹಿಂದಿರುಗಿಸಿದರು. ಅದನ್ನೇ ಏಳಾಗಿ ಒಡೆದು, ತಲಾ 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಕಳುಹಿಸಿದೆವು; ಬಿಪಿಎಲ್ ಕಾರ್ಡಿನ ಗೆಳೆಯರ ಹೆಸರಿನ ಅರ್ಜಿಗಳಿಗೆ ಆ ಹಣವೂ ಬೇಕಾಗಲಿಲ್ಲ. ಎರಡು ಅರ್ಜಿಗಳಿಗೆ 30 ದಿನ ಮೀರಿದ ಮೇಲೆ ಉತ್ತರ ಬಂದದ್ದರಿಂದ, ಪುಟಕ್ಕೆ 2 ರೂಪಾಯಿ ತೆರಬೇಕಿದ್ದ ಪ್ರತಿಗಳು ಕಾಯ್ದೆಯ ಪ್ರಕಾರ ಪುಕ್ಕಟೆಯಾಗಿ ದೊರೆತವು. ಒಟ್ಟು ಖರ್ಚು ಏಳುನೂರು ದಾಟಲಿಲ್ಲ.

ಶುಲ್ಕ ಏರಿಕೆಗೆ ಪರೀಕ್ಷಾ ವೆಚ್ಚವೇ ಕಾರಣವೆಂದು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ನಡಾವಳಿಯಲ್ಲಿತ್ತು. ಲೆಕ್ಕಪತ್ರದಲ್ಲಿ ನೋಡಿದರೆ ಪರೀಕ್ಷಾ ವಿಭಾಗದ ಆದಾಯ ಅದರ ಖರ್ಚಿಗಿಂತ ಮೊದಲೇ ಹೆಚ್ಚಿತ್ತು. ಸರ್ಕಾರದ ಅನುದಾನ ಸಾಲದೆ ನಿವೃತ್ತರ ಪಿಂಚಣಿಯ ಹೊರೆ ಆಂತರಿಕ ಸಂಪನ್ಮೂಲದ ಮೇಲೆ ಬಿದ್ದಿತ್ತು, ಅದನ್ನು ನಮ್ಮ ಜೇಬಿನಿಂದ ತುಂಬಿಸುತ್ತಿದ್ದರು. ಪಿಂಚಣಿ ನಿಲ್ಲಲಿ ಎಂದು ನಾವು ಒಮ್ಮೆಯೂ ಕೇಳಲಿಲ್ಲ. ಅದರ ಹೆಸರಿನಲ್ಲಿ ಸರ್ಕಾರದ ಬಳಿ ಕೇಳಬೇಕಾದ ಹಣವನ್ನು ಪರೀಕ್ಷೆಯ ಹೆಸರಿನಲ್ಲಿ ನಮ್ಮಿಂದ ಕೀಳಬೇಡಿ ಎಂದಷ್ಟೇ ಬರೆದೆವು.

ನಾಲ್ಕು ವರ್ಷಗಳ ಇನ್ನೂರೈವತ್ತಕ್ಕೂ ಹೆಚ್ಚು ರಸೀದಿಗಳನ್ನು ಕೂಡಿಸಿ, "ಇತರೆ" ಎಂಬ ಕಾಲಮು ವರ್ಷದಿಂದ ವರ್ಷಕ್ಕೆ ಹೇಗೆ ಊದಿಕೊಂಡಿತೆಂದು ಒಂದೇ ಹಾಳೆಯಲ್ಲಿ ತೋರಿಸಿದೆ. ಈ ಹಾಳೆಯಷ್ಟು ಕೆಲಸ ಮಾಡಿದ ಭಿತ್ತಿಪತ್ರವನ್ನು ನಾನಂತೂ ಕಂಡಿಲ್ಲ. ನಡುವೆ ಬಸ್ ನಿಲ್ದಾಣದಲ್ಲಿ ಬೀದಿನಾಟಕವನ್ನೂ ಆಡಿ ನೋಡಿದೆವು. ಜೋಳಿಗೆಗೆ ಸಾವಿರದ ಏಳುನೂರು ಬಿತ್ತು, ಸಹಿಗಳು ಮಾತ್ರ ಬೆರಳೆಣಿಕೆಯಷ್ಟು.

ಹಾಳೆಯನ್ನೂ ನಡಾವಳಿಯ ಪ್ರತಿಯನ್ನೂ ಸಭೆಗೆ ಮೊದಲೇ ಪ್ರತಿಯೊಬ್ಬ ಸಿಂಡಿಕೇಟ್ ಸದಸ್ಯರ ಮನೆ ವಿಳಾಸಕ್ಕೆ ನೋಂದಾಯಿತ ಅಂಚೆಯಲ್ಲಿ ಕಳುಹಿಸಿದೆವು. ಸಭೆಯ ದಿನಾಂಕ ನಮಗೆ ತಿಳಿದ ಬಗೆಯನ್ನು ಇಲ್ಲಿ ಬರೆಯಲಾರೆ, ಅದು ಮತ್ತೆ ಬೇಕಾಗಬಹುದು. ಶುಲ್ಕ ನಾನೂರೈವತ್ತರಷ್ಟು ಇಳಿಯಿತು. ಹೆಚ್ಚು ಕಟ್ಟಿದವರಿಗೆ ಮುಂದಿನ ಸೆಮಿಸ್ಟರಿನಲ್ಲಿ ಹೊಂದಿಸಿಕೊಟ್ಟರು. ಪ್ರಯೋಗಾಲಯ ಶುಲ್ಕ ಮಾತ್ರ ಅಲುಗಲಿಲ್ಲ.

ಈಚೆಗೆ ಅದೇ ಹಿರಿಯರು ತಮ್ಮ ತಂಗಿಯ ಕಾಲೇಜಿನ ಶುಲ್ಕದ ವಿಚಾರವಾಗಿ ಅರ್ಜಿಗಳ ಮಾದರಿ ಕೇಳಿದರು. ಏಳರಲ್ಲಿ ಐದನ್ನು ಕೊಟ್ಟಿದ್ದೇನೆ.