ವಾಕಿಂಗ್ ಮಾಡಿ ಮಂಡಿ ನೋವು ಬಂದರೆ ಏನು ಮಾಡಬೇಕು

ಆರೋಗ್ಯ ಚೆನ್ನಾಗಿರಲಿ ಅಂತ ವಾಕಿಂಗ್ ಶುರು ಮಾಡಿದರೆ ಮಂಡಿ ಹಿಡಿದುಕೊಂಡಿತು ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಕೆಲವರು ಅಲ್ಲಿಗೇ ವಾಕಿಂಗ್ ಬಿಟ್ಟು ಕೂರುತ್ತಾರೆ. ಇನ್ನು ಕೆಲವರು ನೋವಿನ ಮಾತ್ರೆ ನುಂಗಿ ಹಲ್ಲು ಕಚ್ಚಿಕೊಂಡು ನಡೆಯುತ್ತಾರೆ. ಎರಡೂ ಬೇಡ. ಮಂಡಿಗೆ ಬೀಳುವ ಭಾರವನ್ನು ಸ್ವಲ್ಪ ದಿನ ಇಳಿಸಬೇಕು, ಆದರೆ ಪೂರ್ತಿ ನಿಲ್ಲಿಸಬಾರದು, ಅಷ್ಟರಲ್ಲಿ ತೊಡೆ ಮತ್ತು ಸೊಂಟದ ಸ್ನಾಯು ಗಟ್ಟಿ ಮಾಡಿಕೊಳ್ಳಬೇಕು. ಮುಂದೆ ಬರುವುದೆಲ್ಲ ಇದರ ವಿವರವೇ.

ಆದರೆ ಎಲ್ಲಾ ನೋವಿಗೂ ಇದು ಅಲ್ಲ. ಕಾಲೂರಿ ನಾಲ್ಕು ಹೆಜ್ಜೆ ಇಡಲು ಆಗುತ್ತಿಲ್ಲ, ಮಂಡಿ ತಿರುಚಿ 'ಟಪ್' ಅಂದು ಕೆಲವೇ ಗಂಟೆಯಲ್ಲಿ ಊದಿಕೊಂಡಿದೆ, ಮಡಚಿದ ಕಾಲು ಸಿಕ್ಕಿಹಾಕಿಕೊಂಡು ಬಿಡಿಸಲು ಬರುತ್ತಿಲ್ಲ, ನಡೆಯುವಾಗ ಮಂಡಿ ಇದ್ದಕ್ಕಿದ್ದ ಹಾಗೆ ಕುಸಿಯುತ್ತದೆ ಅಂದರೆ ಮನೆಮದ್ದು ಬಿಟ್ಟು ಡಾಕ್ಟರ ಹತ್ತಿರ ಹೋಗಿ. ಮಂಡಿ ಕೆಂಪಾಗಿ, ಬಿಸಿಯಾಗಿ, ಜೊತೆಗೆ ಜ್ವರವೂ ಇದ್ದರೆ ಅವತ್ತೇ ಹೋಗಿ, ಕೀಲಿನೊಳಗೆ ಸೋಂಕು ಇರಬಹುದು. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೂ ಹಾಗೆಯೇ, ಅದು ರಕ್ತ ಹೆಪ್ಪುಗಟ್ಟಿದ್ದರಿಂದಲೂ ಆಗಬಹುದು.

ಇವು ಯಾವುದೂ ಇಲ್ಲವಾ? ಹಾಗಿದ್ದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಹಿಂದಿನ ಮೂರು ನಾಲ್ಕು ವಾರದಲ್ಲಿ ಏನು ಬದಲಾಯಿತು? ಎರಡು ಕಿಲೋಮೀಟರ್ ನಡೆಯುತ್ತಿದ್ದವರು ಒಂದೇ ಸಲ ಆರಕ್ಕೆ ಏರಿಸಿದಿರಾ, ಸಮತಟ್ಟಾದ ದಾರಿ ಬಿಟ್ಟು ಏರು ಇಳಿಜಾರು ಹಿಡಿದಿರಾ, ಜಿಮ್‌ನಲ್ಲಿ ಸ್ಕ್ವಾಟ್‌ಗೆ ತೂಕ ಸೇರಿಸಿದಿರಾ, ಶೂ ಬದಲಾಯಿಸಿದಿರಾ, ಇಲ್ಲ ತಿಂಗಳುಗಟ್ಟಲೆ ಸುಮ್ನೆ ಕೂತಿದ್ದು ದಿನಕ್ಕೆ ಒಂದು ಗಂಟೆ ಅಂತ ಶುರು ಮಾಡಿದಿರಾ? ಬೀಳದೆ, ಏಟಾಗದೆ ತಾನಾಗಿ ಬಂದ ನೋವಿಗೆ ಹೆಚ್ಚಿನ ಸಲ ಉತ್ತರ ಇಲ್ಲೇ ಸಿಗುತ್ತದೆ. ಅಭ್ಯಾಸ ಶುರು ಮಾಡಿದರೆ ಉಸಿರು ಬೇಗ ಹೊಂದಿಕೊಳ್ಳುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ನಾರುಗಳು ಹೊಂದಿಕೊಳ್ಳುವುದು ನಿಧಾನ. ಏದುಸಿರು ಬರುತ್ತಿಲ್ಲ ಅಂದ ಮಾತ್ರಕ್ಕೆ ಮಂಡಿ ತಯಾರಾಗಿದೆ ಅಂತಲ್ಲ.

ಆಮೇಲೆ ಬೆರಳಿಟ್ಟು ನೋವಿನ ಜಾಗ ಹುಡುಕಿ. ಮಂಡಿ ಚಿಪ್ಪಿನ ಸುತ್ತ ಅಥವಾ ಹಿಂದೆ ನೋವಿದ್ದು, ಮೆಟ್ಟಿಲು ಇಳಿಯುವಾಗ, ಕುಕ್ಕರಗಾಲಲ್ಲಿ ಕೂತಾಗ, ತುಂಬ ಹೊತ್ತು ಕಾಲು ಮಡಚಿ ಕೂತು ಎದ್ದಾಗ ಜಾಸ್ತಿಯಾದರೆ ಅದು ಚಿಪ್ಪು ಮತ್ತು ತೊಡೆಮೂಳೆ ಸೇರುವ ಜಾಗದ ಮೇಲೆ ಒತ್ತಡ ಬಿದ್ದು ಬರುವ ನೋವು. ವ್ಯಾಯಾಮ ಮಾಡುವವರಲ್ಲಿ ತುಂಬ ಸಾಮಾನ್ಯ. ಚಿಪ್ಪಿನ ಸರಿಯಾಗಿ ಕೆಳಗೆ, ಒಂದೇ ಬಿಂದುವಿನಲ್ಲಿ ನೋವು ಅಂದರೆ ಅಲ್ಲಿನ ನಾರಿಗೆ ತ್ರಾಸಾಗಿದೆ, ಜಿಗಿಯುವವರಿಗೆ ಇದು ಜಾಸ್ತಿ. ಹೊರಮಗ್ಗುಲಲ್ಲಿ, ಅದೂ ಸ್ವಲ್ಪ ದೂರ ಹೋದ ಮೇಲೆ ಶುರುವಾಗಿ ಇಳಿಜಾರಿನಲ್ಲಿ ಜೋರಾದರೆ ತೊಡೆಯ ಹೊರಪಟ್ಟಿಯ ಸಮಸ್ಯೆ ಇರಬಹುದು. ಐವತ್ತರ ಆಸುಪಾಸಿನವರಿಗೆ ಬೆಳಗ್ಗೆ ಎದ್ದಾಗ ಹತ್ತಿಪ್ಪತ್ತು ನಿಮಿಷ ಬಿಗಿತ, ಓಡಾಡಿದ ಮೇಲೆ ಸಡಿಲ ಅಂದರೆ ಕೀಲಿನ ಸವೆತದ ಕಡೆ ಅನುಮಾನ. ಸೊಂಟದ ಕೀಲು ಕೆಟ್ಟಿದ್ದರೂ ಕೆಲವರಿಗೆ ನೋವು ಮಂಡಿಯಲ್ಲೇ ಕಾಣಿಸುತ್ತದೆ, ಅದೂ ನೆನಪಿರಲಿ.

ಮೊದಲ ಒಂದೆರಡು ವಾರ ನಡಿಗೆಯನ್ನು ಅರ್ಧಕ್ಕೆ ಇಳಿಸಿ. ಒಂದೇ ಸಲ ನಲವತ್ತು ನಿಮಿಷ ನಡೆಯುವ ಬದಲು ಹತ್ತು ಹತ್ತು ನಿಮಿಷದಂತೆ ಎರಡು ಸಲ ನಡೆಯಿರಿ. ಇಳಿಜಾರು, ಮೆಟ್ಟಿಲು, ಜಿಗಿತ, ಆಳದ ಸ್ಕ್ವಾಟ್, ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಮಡಚಿ ಇಳಿಯುವುದು) ಇವಕ್ಕೆ ಸದ್ಯಕ್ಕೆ ರಜೆ. ಸೈಕಲ್, ಈಜು ಆಗುತ್ತವೆ. ಸೈಕಲ್ಲಿನ ಸೀಟು ತೀರಾ ಕೆಳಗಿದ್ದರೆ ಮಾತ್ರ ಮಂಡಿ ಇನ್ನೂ ಹಾಳು, ಪೆಡಲ್ ಕೆಳಗೆ ಹೋದಾಗ ಕಾಲು ಹೆಚ್ಚುಕಡಿಮೆ ನೇರ ಆಗುವಷ್ಟು ಎತ್ತರ ಇಡಿ.

ಪೂರ್ತಿ ಯಾಕೆ ನಿಲ್ಲಿಸಬಾರದು? ಮೂಳೆ ತುದಿಯನ್ನು ಮುಚ್ಚಿರುವ ನುಣುಪಾದ ಪದರಕ್ಕೆ, ಅಂದರೆ ಕಾರ್ಟಿಲೇಜ್‌ಗೆ, ರಕ್ತನಾಳ ಇಲ್ಲ. ಕೀಲಿನೊಳಗಿನ ದ್ರವವೇ ಅದಕ್ಕೆ ಆಹಾರ. ಭಾರ ಬಿದ್ದಾಗ ಅದು ಸ್ಪಂಜಿನ ಹಾಗೆ ಹಿಂಡಿಕೊಳ್ಳುತ್ತದೆ, ಬಿಟ್ಟಾಗ ದ್ರವ ಹೀರುತ್ತದೆ. ಹಾಸಿಗೆ ಹಿಡಿದರೆ ಇದೂ ನಿಂತಿತು, ತೊಡೆಯ ಸ್ನಾಯುವೂ ಇಳಿಯಿತು. ಆಮೇಲೆ ಎದ್ದು ನಡೆದಾಗ ನೋವು ಮೊದಲಿಗಿಂತ ಬೇಗ ಬರುತ್ತದೆ.

ಎಷ್ಟು ನೋವು ಪರವಾಗಿಲ್ಲ ಅನ್ನುವುದಕ್ಕೆ ಫಿಸಿಯೋಥೆರಪಿಸ್ಟ್‌ಗಳು ಬಳಸುವ ಒಂದು ಸುಲಭದ ಅಳತೆ ಇದೆ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ನೀವೇ ಅಂಕ ಕೊಡಿ. ನಡೆಯುವಾಗ 3ರ ಒಳಗಿದ್ದು, ಮಾರನೇ ದಿನ ಅದೇ ಹೊತ್ತಿಗೆ ಹಳೇ ಮಟ್ಟಕ್ಕೆ ಬಂದರೆ ಅಷ್ಟು ನಡಿಗೆ ನಿಮ್ಮ ಮಂಡಿಗೆ ಸರಿ. 5 ದಾಟಿದರೆ, ಕುಂಟುವಂತಾದರೆ, ಇಲ್ಲ ಮಾರನೇ ದಿನ ಊತ ಬಂದರೆ ಜಾಸ್ತಿ ಆಯಿತು ಅಂತ, ಮುಂದಿನ ಸಲ ಕಮ್ಮಿ ಮಾಡಿ. ನನ್ನ ಪ್ರಕಾರ ಬೇರೆ ಏನೂ ಮಾಡದಿದ್ದರೂ ಇದೊಂದನ್ನು ಮಾಡಬೇಕು, ಯಾಕೆಂದರೆ ನಡೆಯುವಾಗ ಮೈ ಬಿಸಿಯಾಗಿ ನೋವು ಗೊತ್ತಾಗುವುದಿಲ್ಲ, ಲೆಕ್ಕ ಸಿಗುವುದು ಮಾರನೇ ದಿನವೇ.

ಈಗ ಸ್ನಾಯುವಿನ ಕೆಲಸ. ಜನ ತಪ್ಪಿಸುವುದು ಇದನ್ನೇ, ಗುಣ ಸಿಗುವುದೂ ಇದರಿಂದಲೇ. ನೋವು ಜಾಸ್ತಿ ಇರುವಾಗ ಕಾಲು ಚಾಚಿ ಕೂತು, ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮಂಡಿಯಿಂದ ಟವೆಲನ್ನು ನೆಲಕ್ಕೆ ಒತ್ತಿ ತೊಡೆ ಬಿಗಿ ಮಾಡಿ. ಐದು ಸೆಕೆಂಡ್ ಹಿಡಿದು ಬಿಡಿ, ಹತ್ತು ಸಲ. ತೊಡೆಯ ಮೇಲೆ ಕೈಯಿಟ್ಟು ನೋಡಿ, ಚಿಪ್ಪಿನ ಮೇಲ್ಗಡೆ ಒಳಬದಿಯ ಸ್ನಾಯು ಕಲ್ಲಿನಂತೆ ಗಟ್ಟಿಯಾಗಬೇಕು. ನೋಯುವ ಕಾಲಲ್ಲಿ ಅದು ಇನ್ನೊಂದು ಕಾಲಿನಷ್ಟು ಗಟ್ಟಿಯಾಗದೆ ಇರುವುದು ಮೊದಮೊದಲು ಮಾಮೂಲು. ಆಮೇಲೆ ಅಂಗಾತ ಮಲಗಿ, ಒಂದು ಕಾಲು ಮಡಚಿಟ್ಟು, ಇನ್ನೊಂದನ್ನು ನೇರವಾಗಿ ಆ ಮಡಚಿದ ಮಂಡಿಯ ಎತ್ತರಕ್ಕೆ ಎತ್ತಿ ನಿಧಾನಕ್ಕೆ ಇಳಿಸಿ.

ಇದು ಸಲೀಸಾದ ಮೇಲೆ ಕುರ್ಚಿಗೆ ಬನ್ನಿ. ಕೈ ಎದೆಗೆ ಕಟ್ಟಿ ಎದ್ದು ನಿಲ್ಲಿ, ಕೂರುವಾಗ ಮನಸ್ಸಿನಲ್ಲೇ ಮೂರು ಎಣಿಸುತ್ತಾ ಇಳಿಯಿರಿ. ದೊಪ್ಪನೆ ಬೀಳುವ ಹಾಗಿದ್ದರೆ ಕುರ್ಚಿ ಮೇಲೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ. ಇದರ ಜೊತೆಗೆ ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತುವುದು, ಮಂಡಿ ಮಡಚಿ ಅಂಗಾತ ಮಲಗಿ ಸೊಂಟ ಎತ್ತುವುದು, ನಿಂತು ಹಿಮ್ಮಡಿ ಎತ್ತುವುದು. ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ. ಫಲ ಕಾಣಲು 6ರಿಂದ 12 ವಾರ ಬೇಕು. ಹದಿನೈದು ದಿನಕ್ಕೇ 'ಏನೂ ಆಗಲಿಲ್ಲ' ಅಂತ ಬಿಡುವವರೇ ಜಾಸ್ತಿ, ಅಲ್ವಾ?

ಮಂಡಿ ನೋವಿಗೆ ಸೊಂಟದ ವ್ಯಾಯಾಮ ಯಾಕೆ ಅಂತ ಅನ್ನಿಸಿದರೆ ಕನ್ನಡಿ ಮುಂದೆ ನಿಂತು ಪರೀಕ್ಷೆ ಮಾಡಿ. ಅಂಗೈ ಅಗಲದ ಎತ್ತರದ ಮೆಟ್ಟಿಲ ಮೇಲೆ ಒಂದು ಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿಯನ್ನು ಮೆತ್ತಗೆ ನೆಲಕ್ಕೆ ತಾಗಿಸಿ. ನಿಂತ ಕಾಲಿನ ಮಂಡಿ ಹೆಬ್ಬೆರಳು ದಾಟಿ ಒಳಕ್ಕೆ ವಾಲಿತಾ? ಸೊಂಟ ಒಂದು ಕಡೆ ಜೋತುಬಿತ್ತಾ? ಹಾಗಾದರೆ ಸೊಂಟದ ಪಕ್ಕದ ಸ್ನಾಯು ಸೋತಿರಬಹುದು, ನೀವು ಇಡುವ ಪ್ರತಿ ಹೆಜ್ಜೆಯಲ್ಲೂ ಮಂಡಿ ಸ್ವಲ್ಪ ಸ್ವಲ್ಪ ಹೀಗೇ ತಿರುಚುತ್ತಿರಬಹುದು. ಮಂಡಿಯನ್ನು ಎರಡನೇ ಬೆರಳಿನ ನೇರಕ್ಕೆ ಇಟ್ಟುಕೊಂಡು ಇದನ್ನೇ ಅಭ್ಯಾಸ ಮಾಡಿದರೆ ಪರೀಕ್ಷೆಯೇ ವ್ಯಾಯಾಮವೂ ಆಯಿತು.

ನಡೆಯುವ ರೀತಿಯಲ್ಲಿ ಒಂದೇ ಬದಲಾವಣೆ ಸಾಕು: ಉದ್ದ ಹೆಜ್ಜೆ ಬೇಡ. ಕಾಲನ್ನು ಮೈಯಿಂದ ತುಂಬ ಮುಂದೆ ಚಾಚಿ ಹಿಮ್ಮಡಿ ಕುಕ್ಕಿದರೆ ಏಟು ಮಂಡಿಗೆ. ಅದೇ ವೇಗದಲ್ಲಿ ಹೆಜ್ಜೆ ಚಿಕ್ಕದು ಮಾಡಿ, ಸಂಖ್ಯೆ ಸ್ವಲ್ಪ ಜಾಸ್ತಿ ಮಾಡಿ. ಓಡುವವರಿಗೂ ಇದೇ ಮಾತು. ಶೂಗಳನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿ, ಒಂದು ಬದಿಗೆ ವಾಲಿ ನಿಂತಿದ್ದರೆ ಬದಲಾಯಿಸುವ ಹೊತ್ತಾಗಿದೆ. ಬೆಲೆ ಜಾಸ್ತಿ ಇರುವ ಶೂ ಮಂಡಿ ಕಾಪಾಡುತ್ತದೆ ಅನ್ನುವುದನ್ನು ನಂಬಬೇಡಿ, ಕಾಲಿಗೆ ಹಿತವಾಗಿದ್ದರೆ ಆಯಿತು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ. ಕೋಲು ಹಿಡಿಯುವುದಾದರೆ ನೋವಿನ ಮಂಡಿಯ ಎದುರು ಬದಿಯ ಕೈಯಲ್ಲಿ.

ತೂಕದ ಮಾತು ಯಾರಿಗೂ ಇಷ್ಟ ಆಗಲ್ಲ, ಆದರೂ ಹೇಳಲೇಬೇಕು. ತೂಕ ಜಾಸ್ತಿ ಇದ್ದು ಮಂಡಿ ಸವೆದಿದ್ದ ಹಿರಿಯರ ನಡಿಗೆಯನ್ನು ಅಳೆದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. 1 ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲಿನ ಭಾರ ಸುಮಾರು 4 ಕೆಜಿಯಷ್ಟು ಕಮ್ಮಿ ಆಗಿತ್ತು. ಎಷ್ಟು ಸಾವಿರ ಹೆಜ್ಜೆ ಇಡುತ್ತೀರಿ ಅಂತ ನೀವೇ ಗುಣಿಸಿಕೊಳ್ಳಿ.

ನೋವಿಲ್ಲದೆ ಬರೀ ಕಟಕಟ ಸದ್ದು ಬರುತ್ತಿದ್ದರೆ ಹೆದರಬೇಡಿ. ಎಕ್ಸ್‌ರೇಯಲ್ಲಿ 'ಸವೆತ' ಅಂತ ಬರೆದಿದ್ದರೂ ಅಷ್ಟೇ, ನೋವೇ ಇಲ್ಲದವರ ಎಕ್ಸ್‌ರೇಯಲ್ಲೂ ಅದು ಕಾಣಿಸುತ್ತದೆ. ನೀ ಕ್ಯಾಪ್ ಹಾಕಿದರೆ ಧೈರ್ಯ ಬರುತ್ತದೆ, ಸ್ನಾಯು ಬೆಳೆಯಲ್ಲ. ನಡೆದ ಮೇಲೆ ಊತ ಇದ್ದರೆ ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ, ಬರೀ ಬಿಗಿತ ಇದ್ದರೆ ನಡೆಯುವ ಮೊದಲು ಬಿಸಿ ಶಾಖ. ಸವೆತದ ನೋವಿಗೆ ನೋವು, ಊತ ಇಳಿಸುವ ಡೈಕ್ಲೋಫೆನಾಕ್ ಜೆಲ್ ಹಚ್ಚಿ ನೋಡಬಹುದು. ಅದೇ ಜಾತಿಯ ಮಾತ್ರೆಗಳನ್ನು ಮಾತ್ರ ಡಾಕ್ಟರನ್ನು ಕೇಳದೆ ದಿನಗಟ್ಟಲೆ ನುಂಗಬೇಡಿ, ಅದರಲ್ಲೂ ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಬಿಪಿ ಇರುವವರು, ರಕ್ತ ತೆಳು ಮಾಡುವ ಔಷಧಿ ತೆಗೆದುಕೊಳ್ಳುವವರು.

ಎರಡು ವಾರ ನೋವು 2ರ ಒಳಗೇ ನಿಂತರೆ ಮತ್ತೆ ಏರಿಸಲು ಶುರು ಮಾಡಿ. ಮೊದಲು ದೂರ, ಆಮೇಲೆ ವೇಗ, ಕೊನೆಗೆ ಏರು ಇಳಿಜಾರು. ಒಂದೇ ವಾರದಲ್ಲಿ ಎರಡನ್ನು ಏರಿಸಿದರೆ ನೋವು ಬಂದಾಗ ಯಾವುದರಿಂದ ಅಂತ ಗೊತ್ತಾಗುವುದಿಲ್ಲ. ಆರು ವಾರ ನೆಟ್ಟಗೆ ಮಾಡಿಯೂ ಸ್ವಲ್ಪವೂ ಸುಧಾರಿಸದಿದ್ದರೆ ಫಿಸಿಯೋ ಅಥವಾ ಮೂಳೆ ಡಾಕ್ಟರಿಗೆ ತೋರಿಸಿ. ಹೋಗುವಾಗ ತೊಡೆವರೆಗೆ ಮಡಚಲು ಬರುವ ಪ್ಯಾಂಟ್ ಹಾಕಿಕೊಳ್ಳಿ, ನಡೆಯುವ ಶೂ ತೆಗೆದುಕೊಂಡು ಹೋಗಿ, ದಿನದಿನದ ದೂರ ಮತ್ತು ನೋವಿನ ಅಂಕ ಬರೆದ ಚೀಟಿ ತೋರಿಸಿ.